ಚಾವಿ ಸಾಹೇಬ್ರ ಕಡೆ ಇತ್ರಿ

ಗಜೇಂದ್ರಗಡ ತಾಲೂಕಿನ ರಾಜೂರಿನ ಚಹಾದಂಗಡಿಯೊಂದರ ಕಪಾಟಿನ ಮೇಲೆ ತಗಡಿನ ಪೆಟ್ಟಿಗೆ ಕೂತಿದೆ. ನೆತ್ತಿಯಲ್ಲಿ ಸೀಳು, ಎದೆಯ ಮೇಲೆ ಅರ್ಧ ಅಳಿಸಿದ ‘ದೂರು ಪೆಟ್ಟಿಗೆ’ ಎಂಬ ಅಕ್ಷರ. ಎಲ್ಲಿಯದೋ ಸಹಕಾರಿ ಸಂಘದ ಗೋಡೆಗೆ ತೂಗಿ ಸವೆದು, ಲಿಲಾವಿನಲ್ಲಿ ಮುರುಕು ಖುರ್ಚಿಗಳ ಜೋಡಿ ಇಲ್ಲಿಗೆ ಬಂತಂತೆ. ಈಗ ಒಳಗಿರುವುದು ಉದ್ರಿ ಚೀಟಿ. ಎರಡು ಕಪ್ ಚಹಾ ಹೇಳಿ ಮಾತಿಗೆ ಕೂತೆ. ಎರಡನ್ನೂ ನಾನೇ ಕುಡಿಯಬೇಕಾಯಿತು.

ಯಾವ ಸಂಘದಲ್ಲಿದ್ರಿ?

ಅದನ್ನ ಹೇಳಂಗಿಲ್ರಿ. ಗುಟ್ಟು ಇಟ್ಕೊಳ್ಳೂದ ನನ್ನ ನೌಕರಿ. ಆ ಆಫೀಸಿನ್ಯಾಗ ತನ್ನ ಕೆಲಸ ನೆಟ್ಟಗ ಮಾಡಿದಾಂವ ನಾ ಒಬ್ಬನ.

ದೂರು ಬರುತ್ತಿದ್ದವೇ?

ಗುಟಕಾ ಚೀಟಿ ಭಾಳ ಬರ್ತಿದ್ವು. ಚಲೋ ದೂರು ಒಂದ ಬಂದಿತ್ರಿ. ಸತ್ತವರ ಹೆಸರಿಲೆ ಸಾಲ ತಗದಾರ, ಅಡವಿಟ್ಟ ಬಂಗಾರದ ಚೀಲದಾಗ ಹಿತ್ತಾಳಿ ಐತಿ ಅಂತ. ಅಕ್ಷರದ ಗುರ್ತು ಹತ್ತಬಾರದಂತ ಪಾಪ ಎಡಗೈಲೆ ಬರದಿದ್ರು.

ಆಮೇಲೆ?

ಚಾವಿ ಮ್ಯಾನೇಜರ್ ಸಾಹೇಬ್ರ ಕಡೆ ಇತ್ರಿ. ದೂರು ಅವ್ರ ಮ್ಯಾಲನ ಇತ್ತು. ಓದಿದ್ರು, ಮಡಚಿ ಕಿಸೆದಾಗ ಇಟ್ಕೊಂಡ್ರು. ಮರುದಿನ ಎಲ್ಲಾ ಸಿಬ್ಬಂದಿ ಕಡಿಂದ ಎಡಗೈಲೆ ಸಹಿ ಮಾಡಿಸಿದ್ರು.

ಮನುಷ್ಯ ಹೇಗೆ?

ಒಂದ ದಿನಾನೂ ಸೂಟಿ ತಗೊಂಡಾಂವ ಅಲ್ರಿ. ಮಗಳ ಮದವಿ ದಿನಾನೂ ತಾಸೊತ್ತು ಆಫೀಸಿಗೆ ಬಂದು ಹೋದ. ‘ನಿಷ್ಠಾವಂತ ನೌಕರ’ ಅಂತ ಶಾಲು ಹೊದಿಸಿದ್ರು. ಖರೇ ಅಂದ್ರ, ಆ ಖುರ್ಚಿ ಮ್ಯಾಲೆ ಬ್ಯಾರೆಯವ್ರು ಒಂದಿನ ಕುಂತ್ರ ಕೀರ್ದಿ-ಖತಾವಣಿ ತಾಳಿ ಆಗ್ತಿರಲಿಲ್ಲ. ರಿಸರ್ವ್ ಬ್ಯಾಂಕಿನವ್ರಿಗೆ ಈ ಕಲಾ ಗೊತ್ತೈತಿ. ಸೂಕ್ಷ್ಮ ಹುದ್ದೆದಾಗ ಇದ್ದವ್ರನ್ನ ವರ್ಷಕ್ಕೊಮ್ಮೆ, ಮುಂಚೆ ಹೇಳದ, ಕಮ್ಮಿ ಅಂದ್ರ 10 ಕೆಲಸದ ದಿನ ಸೂಟಿ ಮ್ಯಾಲೆ ಕಳಸ್ರಿ ಅಂತ 2021ರಾಗ ಬ್ಯಾಂಕುಗಳಿಗೆ ಹೇಳ್ಯಾರ. ನಮ್ಮದು ಬ್ಯಾಂಕ್ ಅಲ್ಲಲ್ರಿ, ಸಂಘ!

ಸಹಕಾರ ಚಳವಳಿಗೆ ನಿಮ್ಮ ಜಿಲ್ಲೆಯೇ ತವರು ಅನ್ನುತ್ತಾರೆ.

1905, ಕಣಗಿನಹಾಳ. ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ. ಅವಾಗ ನನ್ನಂಥಾ ಪೆಟಗಿ ಬೇಕಾಗಿರಲಿಲ್ಲ. 1904ರ ಕಾಯ್ದೆದಾಗ ಹಳ್ಳಿ ಸಂಘದ ಸದಸ್ಯರಿಗೆ ಮಿತಿ ಇಲ್ಲದ ಹೊಣೆ ಇತ್ರಿ. ಸಂಘ ಮುಳುಗಿದ್ರ ಅದಕ್ಕ ಸಾಲ ಕೊಟ್ಟಾಂವ ನಿನ್ನ ಹೊಲಕ್ಕೂ ಬರಬಹುದು. ಹಂಗಾಗಿ ಊರಿಗೆ ಊರ ಕಣ್ಣಾಗ ಎಣ್ಣಿ ಬಿಟ್ಕೊಂಡು ಲೆಕ್ಕ ನೋಡ್ತಿತ್ತು. ಈಗ ಮುಳುಗಿದ್ರ ಶೇರು, ಠೇವು ಹೋಗ್ತಾವ, ಹೊಲ ಉಳಿತೈತಿ. ವಾರ್ಷಿಕ ಸಭಾದಾಗ ಜಮಾ-ಖರ್ಚು ಓದೂ ಹೊತ್ತಿಗೆ ಸರಿಯಾಗಿ ಬಿಸಿ ಮಿರ್ಚಿ-ಮಂಡಕ್ಕಿ ಬರ್ತಾವ. ಬಾಯಿ ತುಂಬಿದಾವ್ರು ಪ್ರಶ್ನೆ ಹೆಂಗ ಕೇಳ್ಬೇಕ್ರಿ? ‘ಮಂಜೂರ್’ ಅಂತ ಗೋಣು ಹಾಕ್ತಾರ.

ಈಗ ದೂರು ಕೊಡುವವರ ರಕ್ಷಣೆಗೆ ಕಾಯ್ದೆಯೇ ಇದೆಯಲ್ಲ?

ಐತ್ರಿ. 2014ರ ಮೇ 9ಕ್ಕ ರಾಷ್ಟ್ರಪತಿಗಳ ಅಂಕಿತನೂ ಬಿತ್ತು. ಯಾವತ್ತಿಂದ ಜಾರಿ ಅಂತ ಗೆಜೆಟ್‌ನ್ಯಾಗ ಹಾಕೂದೊಂದ ಬಾಕಿ. ಜಾರಿ ಆದ್ರೂ ಹೆಸರಿಲ್ಲದ ದೂರು ಅದ್ರಾಗ ನಡಿಯಂಗಿಲ್ಲ.

ಹೆಸರು ಹಾಕಿ, ಬಹಿರಂಗವಾಗಿ ಕೆಲಸ ಮಾಡಿದವರು?

ಎಸ್.ಪಿ. ಮಹಾಂತೇಶ. ಸಹಕಾರ ಇಲಾಖೆ ಲೆಕ್ಕಪರಿಶೋಧನೆ ಉಪನಿರ್ದೇಶಕ. ಬೆಂಗಳೂರಿನ ಗೃಹ ನಿರ್ಮಾಣ ಸಂಘಗಳ ನಿವೇಶನ ಹಂಚಿಕ್ಯಾಗಿನ ಅವ್ಯವಹಾರ ಬಯಲಿಗೆ ತಂದಿದ್ರು. 2012ರ ಮೇ 15ಕ್ಕ ರಸ್ತೆದಾಗ ಹಲ್ಲೆ ಆತು, 20ಕ್ಕ ತೀರ್ಕೊಂಡ್ರು. ಇದ್ರ ಮ್ಯಾಲೆ ನಾ ಚ್ಯಾಷ್ಟಿ ಮಾಡಂಗಿಲ್ರಿ. ಮುಂದಿಂದು ಕೇಳ್ರಿ.

ಮತ್ತೆ ಏನು ಮಾಡಬೇಕಿತ್ತು?

ನನ್ನನ್ನ ಸಾಹೇಬ್ರ ಖೋಲಿ ಮುಂದ ತೂಗಬಾರದಿತ್ತು, ಅದೂ ಸಿಸಿಟಿವಿ ಬುಡಕ. ಚಾವಿ ಎರಡಿರಬೇಕು, ಒಂದು ಹೊರಗಿನ ಆಡಿಟರ್ ಕಡೆ, ಇನ್ನೊಂದು ಸದಸ್ಯರಾಗಿನ ಜೋರಿನ ಹೆಣ್ಮಗಳ ಕಡೆ. ರೊಕ್ಕ ಎಣಸಾಂವ ಬ್ಯಾರೆ, ಲೆಕ್ಕ ಬರಿಯಾಂವ ಬ್ಯಾರೆ. ಅಡವಿನ ಬಂಗಾರ ಪರಊರಿನ ಅಕ್ಕಸಾಲಿಗ ಬಂದು ಒರೆಗೆ ಹಚ್ಚಬೇಕು. ಮಿರ್ಚಿ ಕಟ್ಟೂ ಪೇಪರಿನ್ಯಾಗ ಓದೀನಿ, ವಂಚನೆ ಪತ್ತೆ ಮಾಡಾವ್ರ ಜಾಗತಿಕ ಸಂಘದ 2024ರ ವರದಿ: ಸಿಕ್ಕಬಿದ್ದ ಮೋಸದಾಗ ನೂರಕ್ಕ 43 ಯಾರೋ ಸುಳಿವು ಕೊಟ್ಟಿದ್ದಕ್ಕ ಸಿಕ್ಕಾವು, ಸುಳಿವು ಕೊಟ್ಟವ್ರಾಗ ಅರ್ಧಕ್ಕಿಂತ ಹೆಚ್ಚು ಮಂದಿ ಅಲ್ಲೇ ದುಡಿಯಾವ್ರು. ಅಂಥವ್ರ ಎಡಗೈ ಹುಡುಕೂದು ಬಿಟ್ಟು ಬಂಗಾರದ ಚೀಲ ಬಿಚ್ಚಿ ನೋಡಿದ್ರ ಆಗ್ತಿತ್ತು.

ಆ ಎಡಗೈ ಯಾರದೆಂದು ನಿಮಗೆ ಗೊತ್ತಿರಬೇಕು.

ಗೊತ್ತೈತಿ. ಇರ್ಲಿ, ಇದು ಪೇಪರಿನ್ಯಾಗ ನಿಮ್ಮ ಹೆಸರಿಲೆ ಬರ್ತೈತೇನ್ರಿ?

‘ನಮ್ಮ ಪ್ರತಿನಿಧಿಯಿಂದ’ ಅಂತ ಹಾಕುತ್ತೇವೆ.