ಫ್ಲ್ಯಾಟಿನ ಲೆಕ್ಕ ಕೇಳೋರು ಯಾರು?

ಬೆಂಗಳೂರಿನ ಮಗನ ಮನೆಗೆ ಹೋಗಿ ಬಂದ ಪಕ್ಕದ ಮನೆ ಅಕ್ಕ ಕಾಂಪೌಂಡಿನ ಆಚೆಯಿಂದ ಮೊದಲು ಹೇಳುವುದು ಬಂಗಾರಪೇಟೆ ಟ್ರೈನಿನ ರಶ್ಶು, ಆಮೇಲೆ ಮೊಮ್ಮಗನ ಸುದ್ದಿ. ಈ ಸಲ ಎರಡನ್ನೂ ಬಿಟ್ಟು ನೇರವಾಗಿ ಮೇಂಟೆನೆನ್ಸಿಗೇ ಬಂದರು.

"ಟ್ಯಾಂಕರ್ ನೀರಿಗೆ ಅಂತ ಜಾಸ್ತಿ ಕಾಸು ಹಾಕವ್ರಂತೆ ಕಣಪ್ಪ. ಎಷ್ಟು ಟ್ಯಾಂಕರ್ ಬಂತು, ಯಾರು ಎಣಿಸಿದ್ರು ಅಂತ ನಮ್ಮ ಹುಡುಗ ಕೇಳಿದ್ದಕ್ಕೆ ವಾಟ್ಸಾಪ್ ಗ್ರೂಪಿಂದಾನೆ ತೆಗೆದುಬಿಟ್ರಂತೆ. ಇವನೂ ಸುಮ್ನಾಗವ್ನೆ. ಯಾಕಮ್ಮ ಬೇಕು ಜಗಳ ಅಂತಾನೆ."

ಜಗಳ ಅಂತ ಯಾಕೆ ಅಂದುಕೊಳ್ಳಬೇಕಕ್ಕ? ನಿಮ್ಮ ತವರು ಮುಳಬಾಗಿಲು ಕಡೆಯ ಹಳ್ಳಿ, ನಿಮ್ಮ ತಂದೆ ಬೆಳಿಗ್ಗೆ ಸಾಯಂಕಾಲ ಡೇರಿಗೆ ಹಾಲು ಹಾಕಿ ನಿಮ್ಮನ್ನೆಲ್ಲ ಓದಿಸಿದವರು. ಎಂ.ವಿ. ಕೃಷ್ಣಪ್ಪನವರಂಥವರು ಹೈನುಗಾರಿಕೆಗೆ ನೆಲೆ ಹಾಕಿಕೊಟ್ಟ ಜಿಲ್ಲೆ ನಮ್ಮ ಕೋಲಾರ. ಡೇರಿಯ ಸರ್ವಸದಸ್ಯರ ಸಭೆಯಲ್ಲಿ ಏನಾಗುತ್ತೆ, ನೀವೇ ನೋಡಿದ್ದೀರಲ್ಲ. ಒಂದೇ ಹಸು ಕಟ್ಟಿದ ಮುದುಕಮ್ಮನೂ ಎದ್ದು ನಿಂತು ಕೇಳುತ್ತಾಳೆ: ನನ್ನ ಹಾಲಿಗೆ ಫ್ಯಾಟು ಕಮ್ಮಿ ಯಾಕೆ ಬಂತು, ಬೋನಸ್ಸು ಎಷ್ಟು, ಹಿಂಡಿ ಬೂಸದ ದುಡ್ಡು ಎಲ್ಲಿ ಹೋಯ್ತು? ಸೆಕ್ರೆಟರಿ ಉತ್ತರ ಹೇಳಲೇಬೇಕು. ಆ ಮುದುಕಮ್ಮನನ್ನು ಜಗಳಗಂಟಿ ಅಂತ ಯಾರೂ ಅನ್ನೋದಿಲ್ಲ, ಅವಳು ಷೇರುದಾರಳು. ಅಲ್ಲಿ ಓದು ಬರಹ ಇಲ್ಲದವರು ಕೇಳುವುದನ್ನು ಇಲ್ಲಿ ಇಂಜಿನಿಯರಿಂಗ್ ಓದಿದ ಹುಡುಗ ಕೇಳೋಕೆ ಹಿಂಜರಿದರೆ ನನಗೆ ಸಂಕಟ ಆಗುತ್ತೆ. ಅವನೂ ಅಲ್ಲಿ ಷೇರುದಾರನೇ.

"ಅವನು ಕೊಂಡಿರೋದು ಎರಡು ರೂಮು ಒಂದು ಹಾಲು, ಅಷ್ಟೇ ತಾನೇ?"

ಅಲ್ಲಕ್ಕ, ಅಷ್ಟೇ ಅಲ್ಲ. ಅವನ ಸೇಲ್ ಡೀಡ್ ತೆಗೆದು ಓದಿಸಿ. ಯುಡಿಎಸ್ ಅಂತ ಇರುತ್ತೆ, ಆ ಜಮೀನಿನಲ್ಲಿ ಅವನ ಅವಿಭಾಜ್ಯ ಪಾಲು. ಕರ್ನಾಟಕದಲ್ಲಿ 1972ರಲ್ಲೇ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಬಂದಿದೆ. ಮಾಲೀಕರೆಲ್ಲ ಸೇರಿ ಘೋಷಣಾ ಪತ್ರ ಬರೆದು ನೋಂದಾಯಿಸಿದ ಕಟ್ಟಡಕ್ಕೆ ಅದು ಅನ್ವಯ. ಮೆಟ್ಟಿಲು, ಲಿಫ್ಟು, ಟೆರೇಸು, ಸಂಪು, ಬೋರ್‌ವೆಲ್ಲು, ಗೇಟಿನ ಹತ್ತಿರದ ತೋಟ, ಇದೆಲ್ಲದರಲ್ಲೂ ಪ್ರತಿ ಮನೆಗೂ ಇಂತಿಷ್ಟು ಪಾಲು ಅಂತ ಆ ಪತ್ರದಲ್ಲೇ ನಮೂದಾಗಿರುತ್ತೆ. ಎಲ್ಲ ಮಾಲೀಕರೂ ಒಪ್ಪದೆ ಆ ಪಾಲನ್ನು ಬದಲಿಸೋಕೆ ಆಗದು, ಮನೆಯಿಂದ ಬೇರೆ ಮಾಡಿ ಮಾರೋಕೂ ಆಗದು. ಕಮಿಟಿಯ ಅಧ್ಯಕ್ಷರಿಗೆ ಇರುವುದೂ ಅವರ ಮನೆಯ ಲೆಕ್ಕದ ಪಾಲು ಮಾತ್ರ. ಉಳಿದದ್ದನ್ನು ಅವರು ನೋಡಿಕೊಳ್ಳುವವರು.

ಕಾರು ನಿಲ್ಲಿಸೋ ಜಾಗದ ತಕರಾರೂ ಇದೆ ಅಂದ್ರಲ್ಲ. ಅದರ ಮೇಲೆ ಸುಪ್ರೀಂ ಕೋರ್ಟಿನ ತೀರ್ಪೇ ಇದೆ. ಮುಂಬಯಿಯ ಪಾಂಚಾಲಿ ಹೌಸಿಂಗ್ ಸೊಸೈಟಿಯವರು ನಹಾಲ್‌ಚಂದ್ ಲಾಲೂಚಂದ್ ಎಂಬ ಬಿಲ್ಡರ್ ಕಂಪನಿಯ ಎದುರು ಕಟ್ಟಕಡೆಯವರೆಗೂ ನಿಂತರು. ಕಂಬಗಳ ಮೇಲೆ ಕಟ್ಟಡ ಎತ್ತಿ ಕೆಳಗೆ ಖಾಲಿ ಬಿಟ್ಟ ಪಾರ್ಕಿಂಗು ಎಲ್ಲರಿಗೂ ಸೇರಿದ್ದು, ಅದನ್ನು ಬಿಲ್ಡರ್ ಪ್ರತ್ಯೇಕವಾಗಿ ಮಾರುವಂತಿಲ್ಲ ಅಂತ 2010ರಲ್ಲಿ ಕೋರ್ಟು ಹೇಳಿತು. ಅದು ಮಹಾರಾಷ್ಟ್ರದ ಕಾಯ್ದೆಯ ಮೇಲೆ ಬಂದ ತೀರ್ಪು, ಆದರೂ ದೇಶದ ಎಲ್ಲ ಕಡೆ ಮಾಲೀಕರು ಅದನ್ನು ಹಿಡಿದು ಮಾತಾಡುತ್ತಾರೆ.

"ಕೋರ್ಟಿಗೆಲ್ಲ ಯಾರು ಹೋಗ್ತಾರಪ್ಪ, ನೌಕರಿ ಮಾಡೋನು..."

ಕೋರ್ಟು ಕೊನೆಗೆ. ಮೊದಲು ನೋಡಬೇಕಾದ್ದು ಮೇಂಟೆನೆನ್ಸ್ ರಸೀದಿ. ಅದರ ತಲೆಯ ಮೇಲೆ ಸಂಘದ ಹೆಸರಿನ ಕೆಳಗೆ ನೋಂದಣಿ ಸಂಖ್ಯೆ ಇರುತ್ತೆ, ಯಾವ ಕಾಯ್ದೆಯಡಿ ನೋಂದಾಯಿಸಿದ್ದು ಅಂತಲೂ ಸಾಮಾನ್ಯವಾಗಿ ಇರುತ್ತೆ. ಮಗ ಅದನ್ನು ಎಂದಾದರೂ ಓದಿದ್ದಾನಾ, ಕೇಳಿ. ಸಾವಿರ ಸಾವಿರ ಕಟ್ಟುವವರು ಈ ಒಂದು ಸಾಲನ್ನು ಓದಿರುವುದಿಲ್ಲ, ಮುಂದಿನ ದಾರಿ ಪೂರ್ತಿ ನಿಂತಿರುವುದು ಅದರ ಮೇಲೆ. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿಕೊಂಡಿವೆ. ಹಾಗೆ ಮಾಡಬಹುದಾ, 1972ರ ಕಾಯ್ದೆಯಡಿಯೇ ಮಾಡಬೇಕಾ ಅನ್ನೋ ಪ್ರಶ್ನೆ ನಮ್ಮ ಹೈಕೋರ್ಟಿಗೆ ಮತ್ತೆ ಮತ್ತೆ ಹೋಗಿದೆ. ಅದೇನೇ ಇರಲಿ, ಸಂಘ 1960ರ ಕಾಯ್ದೆಯದಾಗಿದ್ದರೆ ನಿಮ್ಮ ಮಗನ ಕೈಯಲ್ಲಿ ಒಂದು ಗಟ್ಟಿ ಕಲಮು ಇದೆ, 25ನೇದು. ಸದಸ್ಯರಲ್ಲಿ ಮೂರನೇ ಒಂದು ಪಾಲಿನವರು ಸೇರಿ ಅರ್ಜಿ ಕೊಟ್ಟರೆ ರಿಜಿಸ್ಟ್ರಾರ್ ವಿಚಾರಣೆ ನಡೆಸಲೇಬೇಕು. ಸಂಘ ವರ್ಷ ವರ್ಷ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಸಲ್ಲಿಸಿದೆಯಾ ಅಂತಲೂ ಅಲ್ಲಿ ನೋಡಬಹುದು. ಸಹಕಾರ ಸಂಘ ಆಗಿದ್ದರೆ ನಮ್ಮ ಡೇರಿಗಳಿಗೆ ಇರುವ 1959ರ ಕಾಯ್ದೆಯೇ ಅದಕ್ಕೂ. ಸೆಪ್ಟೆಂಬರ್ 25ರೊಳಗೆ ವಾರ್ಷಿಕ ಸಭೆ ಆಗಬೇಕು, ಆಡಿಟ್ ಆಗಬೇಕು, ವ್ಯಾಜ್ಯ ಬಂದರೆ ಸಹಕಾರ ಇಲಾಖೆಯೇ ತೀರ್ಮಾನಿಸುತ್ತೆ. ಬರೀ 1972ರ ಕಾಯ್ದೆಯಡಿ ಇರುವ ಸಂಘವಾದರೆ ಕಷ್ಟ ಸ್ವಲ್ಪ ಜಾಸ್ತಿ. ಹಕ್ಕು ಚೆನ್ನಾಗಿ ಬರೆದಿದ್ದಾರೆ, ಸಂಘದ ಮೇಲೆ ಕಣ್ಣಿಡುವ ಅಧಿಕಾರಿ ಯಾರು ಅನ್ನೋದನ್ನು ಮಾತ್ರ ಬಿಗಿಯಾಗಿ ಬರೆಯಲಿಲ್ಲ. ಹಾಗಾಗಿ ಬೈಲಾ ಹಿಡಿದುಕೊಂಡು ಸಿವಿಲ್ ಕೋರ್ಟಿನ ಬಾಗಿಲಿಗೇ ಹೋಗಬೇಕಾಗುತ್ತೆ. ಐವತ್ತು ವರ್ಷ ದಾಟಿದ ಕಾಯ್ದೆ ಇದು. ಲಕ್ಷಾಂತರ ಜನ ಫ್ಲ್ಯಾಟಿನಲ್ಲಿ ಬದುಕುವ ಈ ಕಾಲದಲ್ಲಿ ಇದನ್ನು ಹೀಗೇ ಬಿಟ್ಟಿರುವುದು ತಪ್ಪು ಅಂತ ನನ್ನ ಅಭಿಪ್ರಾಯ.

ಈಗ ಟ್ಯಾಂಕರ್ ವಿಷಯಕ್ಕೆ ಬನ್ನಿ. ನೀರಿನ ಕಷ್ಟ ಕೋಲಾರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಾವಿರದ ಮೇಲೆ ಅಡಿ ಕೊರೆಸಿ ಬರೀ ಧೂಳು ಎದ್ದದ್ದನ್ನು ನೋಡಿದವರು ನಾವು. ಟ್ಯಾಂಕರ್ ಬರೋದು ತಪ್ಪಲ್ಲ. ಆದರೆ ಗೇಟಿನಲ್ಲಿ ಸೆಕ್ಯುರಿಟಿಯವನ ಪುಸ್ತಕ ಇರುತ್ತೆ, ಗಾಡಿ ಒಳಗೆ ಬಂದ ಹೊತ್ತು, ನಂಬರು ಅದರಲ್ಲಿ ಇರಬೇಕು. ಟ್ಯಾಂಕರಿನವನು ಕೊಟ್ಟ ಬಿಲ್ಲು ಇರಬೇಕು. ಸಂಪಿಗೆ ಮೀಟರು ಇದ್ದರೆ ಅದರ ರೀಡಿಂಗು ಇರಬೇಕು. ಮೂರನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಯಾರ ಮೇಲೂ ಆರೋಪ ಹೊರಿಸದೆ ಸತ್ಯ ಗೊತ್ತಾಗುತ್ತೆ. ಹೊಂದಿದರೆ ಕಮಿಟಿಯವರ ಮೇಲಿನ ಅನುಮಾನವೂ ಹೋಯ್ತಲ್ಲ! ನಿಮ್ಮ ಮಗ ಗ್ರೂಪಿನಲ್ಲಿ "ದುಡ್ಡು ಎಲ್ಲಿ ಹೋಯ್ತು" ಅಂತ ಹಾಕುವ ಬದಲು, "ಏಪ್ರಿಲ್‌ನಿಂದ ಜೂನ್‌ವರೆಗಿನ ಟ್ಯಾಂಕರ್ ಬಿಲ್ಲು ಮತ್ತು ಗೇಟ್ ಪುಸ್ತಕ ನೋಡಬೇಕು, ಯಾವ ದಿನ ಬರಲಿ" ಅಂತ ಸೆಕ್ರೆಟರಿಗೆ ಪತ್ರ ಬರೆಯಲಿ. ಪತ್ರಕ್ಕೆ ಸ್ವೀಕೃತಿ ಹಾಕಿಸಿಕೊಳ್ಳಲಿ, ಇಲ್ಲವೇ ಇಮೇಲ್ ಮಾಡಲಿ. ವಾಟ್ಸಾಪಿನಲ್ಲಿ ಕೇಳಿದ್ದು ನೂರು ಗುಡ್ ಮಾರ್ನಿಂಗುಗಳ ಕೆಳಗೆ ಹೂತುಹೋಗುತ್ತೆ.

ಹಾಗೇ ಕೊಳಚೆ ನೀರು ಶುದ್ಧ ಮಾಡುವ ಘಟಕ ದಿನಾ ಓಡುತ್ತಾ ಅಂತಲೂ ಕೇಳಲಿ. ಕರೆಂಟು ಉಳಿಸೋಕೆ ಅದನ್ನು ನಿಲ್ಲಿಸಿ, ಹಾಗೇ ಮೋರಿಗೆ ಬಿಡುವ ಕಟ್ಟಡಗಳೂ ಇರುತ್ತವೆ. ಇದು ಬೆಂಗಳೂರಿನವರ ಪಾಡು ಅಂತ ನಾವು ಕೈ ಕಟ್ಟಿಕೊಂಡು ಕೂರೋ ಹಾಗಿಲ್ಲ. 2018ರಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧ ಮಾಡಿದ ಕೊಳಚೆ ನೀರು ನಮ್ಮ ಲಕ್ಷ್ಮೀಸಾಗರ ಕೆರೆಗೆ ಬಂದು ಬಿತ್ತಲ್ಲ, ಆವತ್ತಿನಿಂದ ಬೆಂಗಳೂರಿನ ಬಚ್ಚಲಿಗೂ ನಮ್ಮ ಕೆರೆಗಳಿಗೂ ನಂಟು ಬೆಳೆದಿದೆ. ಎರಡು ಹಂತ ಸಾಲದು, ಮೂರನೇ ಹಂತದ ಶುದ್ಧೀಕರಣವೂ ಆಗಲಿ ಅಂತ ನಮ್ಮ ರೈತರು ಕೇಳುತ್ತಲೇ ಇದ್ದಾರೆ. ಇಲ್ಲಿ ನಾವು ಸರ್ಕಾರವನ್ನು ಕೇಳುವಾಗ ಅಲ್ಲಿ ನಮ್ಮ ಮಕ್ಕಳು ತಮ್ಮ ಕಟ್ಟಡದ ಮೋಟರು ಓಡುತ್ತಾ ಅಂತ ಕೇಳಬೇಡವೇ?

"ಕಮಿಟಿಯೋರೂ ಪುಕ್ಕಟೆ ಕೆಲಸ ಮಾಡ್ತಾರೆ ಕಣಪ್ಪ. ರಾತ್ರಿ ಲಿಫ್ಟು ನಿಂತ್ರೆ ಅವರೇ ಎದ್ದು ಓಡಬೇಕು."

ಅದು ನಿಜವಾದ ಮಾತಕ್ಕ, ನನಗೂ ಅವರ ಮೇಲೆ ಗೌರವ ಇದೆ. ಆಫೀಸು ಮುಗಿಸಿ ಬಂದು ಪ್ಲಂಬರಿಗೆ ಕಾಯುವವರು, ಡೀಸೆಲ್ ತರಿಸುವವರು, ಎಲ್ಲರ ಬೈಗುಳ ತಿನ್ನುವವರು ಅವರೇ. ಮಾಲೀಕರ ತಪ್ಪು ಕಡಿಮೆ ಏನಿಲ್ಲ. ನಾನು ಗ್ರೌಂಡ್ ಫ್ಲೋರ್, ಲಿಫ್ಟ್ ಹತ್ತಲ್ಲ, ಅದರ ದುಡ್ಡು ಕೊಡಲ್ಲ ಅನ್ನುವವರಿದ್ದಾರೆ. ಕಾಯ್ದೆ ಅದನ್ನು ಒಪ್ಪುವುದಿಲ್ಲ. ಸಾಮಾನ್ಯ ಸೌಲಭ್ಯ ನನಗೆ ಬೇಡ ಅಂದ ಮಾತ್ರಕ್ಕೆ ಖರ್ಚಿನ ಪಾಲು ತಪ್ಪುವುದಿಲ್ಲ, ಕಟ್ಟದೆ ಉಳಿಸಿದ ಬಾಕಿ ಆ ಮನೆಯ ಮೇಲೇ ಋಣಭಾರವಾಗಿ ಕೂರುತ್ತೆ. ಆದ್ದರಿಂದ ನಿಮ್ಮ ಮಗ ಮೇಂಟೆನೆನ್ಸ್ ನಿಲ್ಲಿಸಿ ಪ್ರತಿಭಟನೆ ಮಾಡೋದು ಬೇಡ. ಪೂರ್ತಿ ಕಟ್ಟಿ, ರಸೀದಿ ಇಟ್ಟುಕೊಂಡು ಕೇಳಲಿ. ಬಾಕಿದಾರ ಅನ್ನಿಸಿಕೊಂಡರೆ ಅವನ ಪ್ರಶ್ನೆಗೆ ಬೆಲೆ ಇರದು.

ದುಡ್ಡು ಕಟ್ಟುವವರು ಹಿಂದೆ ಸರಿದರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ಫ್ಲಾರಿಡಾದಲ್ಲಿ ಸರ್ಫ್‌ಸೈಡ್ ಅನ್ನೋ ಊರಿನ ಕಥೆ ಇದೆ. ನೆನೆದರೆ ಈಗಲೂ ಮೈ ನಡುಗುತ್ತೆ. 1981ರಲ್ಲಿ ಕಟ್ಟಿದ ಚಾಂಪ್ಲೇನ್ ಟವರ್ಸ್ ಸೌತ್ ಅನ್ನೋ ಸಮುದ್ರ ದಂಡೆಯ ಅಪಾರ್ಟ್‌ಮೆಂಟು. 2018ರಲ್ಲೇ ಇಂಜಿನಿಯರು ಬರೆದುಕೊಟ್ಟಿದ್ದರು: ಈಜುಕೊಳದ ಅಂಗಳದಲ್ಲಿ ನೀರು ಇಳಿಯದಂತೆ ಹಾಕಿದ ಪದರ ಹಾಳಾಗಿದೆ, ಕೆಳಗಿನ ಕಾಂಕ್ರೀಟು ಕೆಟ್ಟಿದೆ ಅಂತ. ರಿಪೇರಿಗೆ ಕೋಟಿಗಟ್ಟಲೆ ಬೇಕು ಅಂದಾಗ ಮಾಲೀಕರಲ್ಲೇ ವಾದ ಎದ್ದಿತು, 2019ರಲ್ಲಿ ಕಮಿಟಿಯ ಹೆಚ್ಚಿನವರು ರಾಜೀನಾಮೆ ಕೊಟ್ಟರು. ಸುಮಾರು 1.5 ಕೋಟಿ ಡಾಲರಿನ ವಂತಿಗೆಗೆ ಒಪ್ಪಿಗೆ ಸಿಗುವ ಹೊತ್ತಿಗೆ 2021 ಬಂದಿತ್ತು. ಆ ವರ್ಷದ ಜೂನ್ 24ರ ನಡುರಾತ್ರಿ ಕಟ್ಟಡದ ದೊಡ್ಡ ಭಾಗ ಕುಸಿದು ಬಿತ್ತು. 98 ಜನ ಸತ್ತರು. ಆಮೇಲೆ ಫ್ಲಾರಿಡಾದಲ್ಲಿ ಹಳೆಯ ಕಟ್ಟಡಗಳ ತಪಾಸಣೆ, ರಿಪೇರಿ ನಿಧಿ ಎರಡನ್ನೂ ಕಡ್ಡಾಯ ಮಾಡಿ ಕಾನೂನು ಬಂತು.

ಅದಕ್ಕೇ ಹೇಳೋದು, ದೊಡ್ಡ ರಿಪೇರಿಗೆ ಅಂತ ಕೂಡಿಟ್ಟ ಕಾರ್ಪಸ್ ಫಂಡು ಎಷ್ಟಿದೆ, ಯಾವ ಬ್ಯಾಂಕಿನಲ್ಲಿದೆ, ಯಾರ ಸಹಿಗೆ ಬಿಡುತ್ತೆ ಅಂತ ಕೇಳೋದು ದುಡ್ಡಿನ ಪ್ರಶ್ನೆ ಮಾತ್ರ ಅಲ್ಲ. ಟೆರೇಸು ಸೋರುತ್ತಿದ್ದರೆ ಆ ಪ್ರಶ್ನೆ ಮೊಮ್ಮಗ ಮಲಗುವ ಕೋಣೆಯ ಮೇಲಿನ ಸೂರಿನದು.

"ಮಾಲೂರಿನಲ್ಲಿ ನಮ್ಮ ಭಾವನೋರು ಸೈಟು ತಗೊಂಡವ್ರಲ್ಲ, ಅಲ್ಲೂ ಮೇಂಟೆನೆನ್ಸ್ ಕೇಳ್ತಾರಂತೆ."

ಕೇಳ್ತಾರೆ. ಹಂಚಿನ ಕಾರ್ಖಾನೆಗಳ ಊರು ಅಂತ ಹೆಸರಾಗಿದ್ದ ಮಾಲೂರಿನ ಸುತ್ತ ಈಗ ಗೇಟು ಹಾಕಿದ ಲೇಔಟುಗಳು. ನರಸಾಪುರ, ವೇಮಗಲ್ ಕಡೆ ಕಾರ್ಖಾನೆ ಬಂದ ಮೇಲೆ ಕೋಲಾರದ ಸುತ್ತಲೂ ಹಾಗೇ. ಶ್ರೀನಿವಾಸಪುರದ ಮಾವಿನ ತೋಪುಗಳ ಅಂಚಿನಲ್ಲೂ ಸೈಟಿನ ಕಲ್ಲು ಕಾಣಿಸಿದರೆ ಆಶ್ಚರ್ಯ ಇಲ್ಲ. ಇಲ್ಲಿ ಮೊದಲು ಹಿಡಿಯಬೇಕಾದ್ದು ರೇರಾ, ಅಂದರೆ ರಿಯಲ್ ಎಸ್ಟೇಟ್ ಕಾಯ್ದೆಯ ನೋಂದಣಿ ನಂಬರು. 2016ರ ಆ ಕಾಯ್ದೆಯಡಿ 500 ಚದರ ಮೀಟರಿಗಿಂತ ದೊಡ್ಡ ಜಾಗದ ಲೇಔಟು ನೋಂದಣಿ ಆಗಿರಬೇಕು. ಹೆಚ್ಚಿನವರು ಬುಕ್ ಮಾಡಿದ ಮೂರು ತಿಂಗಳೊಳಗೆ ಸಂಘ ಆಗುವಂತೆ ಬಿಲ್ಡರೇ ನೋಡಿಕೊಳ್ಳಬೇಕು. ಫ್ಲ್ಯಾಟಾದರೆ ಕೈಗೆ ಬಂದ ಐದು ವರ್ಷದೊಳಗೆ ಕಟ್ಟಡದ ದೋಷ ಕಂಡು ತಿಳಿಸಿದರೆ 30 ದಿನದಲ್ಲಿ ಅವರ ಖರ್ಚಿನಲ್ಲೇ ಸರಿಮಾಡಿಕೊಡಬೇಕು. ಒಂದು ನೆನಪಿಡಿ, ರೇರಾ ಇರುವುದು ಮುಖ್ಯವಾಗಿ ಬಿಲ್ಡರಿನ ಮೇಲೆ ಹಿಡಿತಕ್ಕೆ. ನಮ್ಮವರೇ ಆರಿಸಿದ ಕಮಿಟಿಯ ಮೇಲೆ ದೂರು ಹೊತ್ತು ಅಲ್ಲಿಗೆ ಹೋದರೆ ಓಡಾಟ ದಂಡ ಆಗುವುದೇ ಹೆಚ್ಚು.

ಸಂಘ ಗಟ್ಟಿಯಾಗಿದ್ದರೆ ಎಂಥ ಬಿಲ್ಡರನ್ನೂ ಎದುರಿಸಬಹುದು ಅಂತ ನೋಯ್ಡಾದವರು ತೋರಿಸಿದರು. ನಕ್ಷೆಯಲ್ಲಿ ತೋಟ ಅಂತ ತೋರಿಸಿದ್ದ ಜಾಗದಲ್ಲಿ ಸೂಪರ್‌ಟೆಕ್ ಕಂಪನಿ ಎರಡು ಗೋಪುರ ಎಬ್ಬಿಸಿತು, ಇದ್ದ ಮಾಲೀಕರ ಒಪ್ಪಿಗೆ ಕೇಳಲಿಲ್ಲ. ಎಮರಾಲ್ಡ್ ಕೋರ್ಟಿನ ನಿವಾಸಿಗಳ ಸಂಘ ಅಲಹಾಬಾದ್ ಹೈಕೋರ್ಟಿಗೆ ಹೋಯಿತು. 2014ರಲ್ಲಿ ಅಲ್ಲಿ ಗೆದ್ದಿತು, 2021ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಗೆದ್ದಿತು. 2022ರ ಆಗಸ್ಟ್ 28ರಂದು ಆ ಗೋಪುರಗಳು ಕೆಲವೇ ಸೆಕೆಂಡಿನಲ್ಲಿ ನೆಲ ಸೇರಿದ್ದನ್ನು ಟಿವಿಯಲ್ಲಿ ನೀವೂ ನೋಡಿದಿರಿ. ಹೆಚ್ಚಿನವರು ಆವತ್ತಿನ ಧೂಳು ನೋಡಿದರು. ನನಗೆ ದೊಡ್ಡದಾಗಿ ಕಂಡದ್ದು ವರ್ಷಗಟ್ಟಲೆ ಕಾಗದ ಜೋಡಿಸಿಟ್ಟುಕೊಂಡು ಕೋರ್ಟಿಗೆ ಅಲೆದ ಹಿರಿಯರ ತಾಳ್ಮೆ.

"ಸಭೆ ಮುಂದಿನ ತಿಂಗಳು ಅಂತಿದ್ದ. ಹೋಗಲ್ವಂತೆ. ನಾಲ್ಕು ಜನ ಬರ್ತಾರೆ, ಮೊದಲೇ ತೀರ್ಮಾನ ಆಗಿರುತ್ತೆ ಅಂತಾನೆ."

ನಾಲ್ಕು ಜನ ಬಂದರೆ ನಾಲ್ಕು ಜನರ ತೀರ್ಮಾನವೇ ಆಗುತ್ತಕ್ಕ. ಅವನು ಹೋಗಲಿ, ಪಕ್ಕದ ಫ್ಲ್ಯಾಟಿನವರನ್ನೂ ಕರೆದುಕೊಂಡು ಹೋಗಲಿ. ಬರಲಾಗದವರು ಪ್ರಾಕ್ಸಿ ಕೊಡಬಹುದಾ ಅಂತ ಬೈಲಾದಲ್ಲಿ ನೋಡಿಕೊಳ್ಳಲಿ. ಬೈಲಾ ಕೊಡುವುದಿಲ್ಲ ಅಂದರೆ, ಘೋಷಣಾ ಪತ್ರದ ಜೊತೆ ಅದೂ ನೋಂದಣಿ ಆಗಿದ್ದರೆ ಸಬ್‌ ರಿಜಿಸ್ಟ್ರಾರ್ ಆಫೀಸಿನಲ್ಲಿ ದೃಢೀಕೃತ ನಕಲು ಸಿಗುತ್ತೆ. ಸಭೆಯಲ್ಲಿ ಕೂಗಾಡುವುದು ಬೇಡ. ಆಡಿಟ್ ವರದಿ ಸಭೆಯ ಮುಂದೆ ಇಡಿ, ಇಷ್ಟು ರೂಪಾಯಿ ಮೇಲ್ಪಟ್ಟ ಕೆಲಸಕ್ಕೆಲ್ಲ ಮೂರು ಕೊಟೇಷನ್ ತರಿಸಿ, ಈ ಎರಡನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಬಿಡಲಿ. ಬರೆದದ್ದಕ್ಕೆ ಮುಂದಿನ ಕಮಿಟಿಯೂ ಉತ್ತರ ಹೇಳಬೇಕಾಗುತ್ತೆ. ಮತ್ತೆ, ಅವನೇ ಯಾಕೆ ಕಮಿಟಿಗೆ ನಿಲ್ಲಬಾರದು? ಟ್ರೆಷರರ್ ಕೆಲಸಕ್ಕೆ ಅಲ್ಲಿ ಯಾರೂ ಮುಂದೆ ಬರುತ್ತಿಲ್ಲ ಅಂತ ನೀವೇ ಹೇಳಿದಿರಿ.

ಇವತ್ತು ರಾತ್ರಿ ಫೋನು ಮಾಡಿದಾಗ ಸಭೆಯ ನೋಟಿಸಿನ ಫೋಟೋ ಕಳಿಸೋಕೆ ಹೇಳಿ. ವಿಷಯಪಟ್ಟಿಯಲ್ಲಿ ಲೆಕ್ಕಪತ್ರ ಮಂಡನೆ ಅಂತ ಇದೆಯೋ ಇಲ್ಲವೋ ಇಬ್ಬರೂ ಕೂತು ನೋಡೋಣ. ಇಲ್ಲದಿದ್ದರೆ ಅದನ್ನು ಸೇರಿಸಿ ಅಂತ ಪತ್ರ ಬರೆಯೋಕೆ ಇನ್ನೂ ದಿನ ಇದೆ.