ಸಮುದ್ರ ಸೇರಿದ ನೀರು

ಕಾರವಾರದಿಂದ ಎರಡು ಕ್ಯಾನು ಹೊತ್ತು ನವಲಗುಂದದ ನಮ್ಮ ಓಣಿಗೆ ಬಂದಾಗ, ಕಟ್ಟೆಯ ಮೇಲಿದ್ದ ಕಾಕಾ ಒಂದು ಹನಿ ನಾಲಗೆಗೆ ಹಚ್ಚಿಕೊಂಡು ಮುಖ ಕಿವುಚಿದರು. “ತಮ್ಮಾ, ಸವಳ ನೀರು ಬೇಕಿತ್ತಂದ್ರ ನಮ್ಮ ಹೊಲದ ಬೋರ್ ಇತ್ತಲ್ಲೋ! ಬಸ್ ಚಾರ್ಜ್ ಯಾಕ ಕಳಕೊಂಡಿ?”

ಉತ್ತರ ಎಲ್ಲಿಂದ ತರಲಿ? ಗೋವಾ ದಾಟಿ ಸಮುದ್ರ ಸೇರುವ ಮಹದಾಯಿಯನ್ನು ಮಲಪ್ರಭೆಗೆ ತಿರುಗಿಸಿರೆಂದು 2015ರಲ್ಲಿ ಧರಣಿ ಕೂತ ಸೀಮೆಯಿದು. 2018ರಲ್ಲಿ ನ್ಯಾಯಮಂಡಳಿ ರಾಜ್ಯಕ್ಕೆ 13.42 ಟಿಎಂಸಿ ಹಂಚಿತು. ನಮ್ಮ ನಳಕ್ಕೆ ಇನ್ನೂ ಸುದ್ದಿ ಮುಟ್ಟಿಲ್ಲ. ಅಂಥಲ್ಲಿಗೆ ಸಮುದ್ರ ಸೇರಿ ಮುಗಿದ ನೀರನ್ನು ಹೊತ್ತು ತಂದವನು ನಾನೊಬ್ಬನೇ. ಮಗಳ ಗಾಜಿನ ತೊಟ್ಟಿಯಲ್ಲಿ ಸಮುದ್ರದ ಎರಡು ಮೀನು, ನಾಲ್ಕು ಶಂಖದ ಹುಳು ಕಾಯುತ್ತಿದ್ದವು.

“ಪ್ಲಾಸ್ಟಿಕ್‌ನ್ಯಾಗ ಯಾರರ ನೀರಿಡ್ತಾರೇನು?” ಎಂದು ಅವ್ವ ಹುಣಸೆಹಣ್ಣು ಹಚ್ಚಿ ಬೆಳಗಿದ ತಾಮ್ರದ ಹಂಡೆ ತಂದಳು. ಅಡ್ಡ ನಿಂತೆ. ನಮಗೆ ಒಳ್ಳೆಯದೆನ್ನುವ ತಾಮ್ರ ಶಂಖದ ಹುಳುವಿಗೆ ವಿಷ. ಕ್ಯಾನೇ ಸರಿ, ಆದರೆ ಹೊಲಕ್ಕೆ ಹೊಡೆಯುವ ಔಷಧ ತುಂಬಿದ್ದಾಗಬಾರದು.

ಅವ್ವನನ್ನು ಗೆದ್ದ ಹುಮ್ಮಸ್ಸಿನಲ್ಲಿ ಕ್ಯಾನಿಗೆ ಬಿಗಿಯಾಗಿ ಬೂಚು ಜಡಿದು ಬಿಸಿಲಲ್ಲಿಟ್ಟೆ. ಸಮುದ್ರದ ನೀರೆಂದರೆ ಕಣ್ಣಿಗೆ ಕಾಣದ ಜೀವಿಗಳ ಸಂತೆ. ಅವು ಸತ್ತು, ಕೊಳೆತು, ನೀರಿನ ಉಸಿರನ್ನೆಲ್ಲ ತಿಂದುಹಾಕಿದ್ದವು. ವಾರದ ಮೇಲೆ ಬೂಚು ತೆಗೆದರೆ ಓಣಿ ತುಂಬ ಕೊಳೆತ ತತ್ತಿಯ ನಾತ. ಕಟ್ಟೆ ಖಾಲಿಯಾಯಿತು.

ಎರಡನೇ ಸಲ ಕಾಳಿ ನದಿಯ ಬಾಯಿಯಿಂದ ದೂರ ಹೋಗಿ ತುಂಬಿದೆ. ನದಿ ಬೆರೆತರೆ ಉಪ್ಪು ತೆಳುವಾಗುತ್ತದೆ. ಸೋಸಿ, ಜೋಳದ ಚೀಲಗಳ ಹಿಂದಿನ ತಂಪು ಕತ್ತಲಲ್ಲಿಟ್ಟು, ಗುಳುಗುಳು ಎನ್ನುವ ಗಾಳಿಯ ಪಂಪು ಹಚ್ಚಿದೆ. ಅವ್ವ ಹಣೆ ಬಡಿದುಕೊಂಡಳು: “ಎಮ್ಮಿಗೆ ಫ್ಯಾನಿಲ್ಲ, ನೀರಿಗೆ ಗಾಳಿ ಹಾಕಾಕತ್ತಾನ!”

ಬೇಸಿಗೆಯಲ್ಲಿ ತೊಟ್ಟಿಯ ನೀರು ಇಳಿಯಿತು. ಕ್ಯಾನು ಎತ್ತಿದೆ. ಮಗಳು ತಡೆದಳು: “ಅಪ್ಪಾ, ಆರಿದ್ದು ನೀರಷ್ಟ. ಉಪ್ಪೆಲ್ಲಾ ಒಳಗ ಐತಿ. ಸಿಹಿನೀರು ಹಾಕು.” ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಅದು ಹೆಚ್ಚಾದರೆ ಮೀನು ತಡೆಯಲಾರವು. ನಳ ಬರುವ ದಿನಕ್ಕೆ ಕಾದು ತುಂಬಿ, ರಾತ್ರಿಯೆಲ್ಲ ತೆರೆದಿಟ್ಟ ನೀರನ್ನು ತಂಬಿಗೆಯಲ್ಲಿ ಮೆಲ್ಲಗೆ ಹೊಯ್ಯುತ್ತಿದ್ದೆ. ಕಾಕಾ ಕಿಟಕಿಯಲ್ಲಿ ಇಣುಕಿದರು.

“ಇಲ್ಲೂ ಸಿಹಿನೀರು ಸಮುದ್ರಕ್ಕ ಹೊಂಟೈತಲ್ಲೋ ತಮ್ಮಾ! ನಾಳೆ ನಿನ್ನ ಮನಿ ಮುಂದ ಪೆಂಡಾಲ್ ಹಾಕ್ತೀವಿ.”