ಎರಡು ದಾರಿ, ಒಂದೇ ಡಿಸ್ಕ್

ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು ಸರ್ವರಿನಿಂದ ಸ್ಟೋರೇಜಿಗೆ ಎರಡು ಕೇಬಲ್ ಎಳೆಯುತ್ತಾರೆ. ಆಗ ಲಿನಕ್ಸ್ ಮಹಾಶಯನ ಕಣ್ಣಿಗೆ ಒಂದೇ ಡಿಸ್ಕು ಎರಡಾಗುತ್ತದೆ. ಡಿಸ್ಕಿನ ಗುರುತಾದ ಡಬ್ಲ್ಯುಡಬ್ಲ್ಯುಐಡಿ ತೋರಿಸಿ ‘ಎರಡೂ ಒಂದೇ ಕಣಯ್ಯ’ ಎಂದು ತಿಳಿಹೇಳುವುದು ಮಲ್ಟಿಪಾತ್‌ನ ಕೆಲಸ. ರ್‍ಯಾಕಿನ ಹಿಂದಿನ ಕತ್ತಲೆಯಲ್ಲಿ ನಡೆಯುವ ಕೈಚಳಕ ಮಾತ್ರ ಅದಕ್ಕೂ ನಿಲುಕದ್ದು. ಪಕ್ಕದ ಸರ್ವರಿನ ಕೇಬಲ್ ತಪ್ಪಿ ಈ ಸ್ಟೋರೇಜಿಗೆ ಸಿಕ್ಕಿಕೊಂಡಿತೋ, ಒಂದೇ ಫೈಲ್‌ಸಿಸ್ಟಮನ್ನು ಎರಡು ಸರ್ವರುಗಳೂ ಮೌಂಟ್ ಮಾಡಿ, ಅತ್ತೆ ಸೊಸೆ ಇಬ್ಬರೂ ಸಾರಿಗೆ ಉಪ್ಪು ಹಾಕಿದಂತೆ, ಒಂದಕ್ಕೊಂದು ಹೇಳದೆ ಬರೆಯಬಹುದು. ಮೊದಮೊದಲು ಎಲ್ಲ ಕಡೆ ಹಸಿರು ದೀಪವೇ! ಇದಕ್ಕೆ ಕಾವಲು ಲನ್ ಮಾಸ್ಕಿಂಗ್. ಕೇಬಲ್ ಎಲ್ಲೇ ಚುಚ್ಚಲಿ, ಸರ್ವರಿನ ಪೋರ್ಟಿನ ಗುರುತಾದ ಡಬ್ಲ್ಯುಡಬ್ಲ್ಯುಪಿಎನ್ ನೋಡಿಯೇ ಸ್ಟೋರೇಜು ಡಿಸ್ಕ್ ಕೊಡುತ್ತದೆ. ಜೊತೆಗೆ ಕೇಬಲಿನ ಎರಡೂ ತುದಿಗೆ ಲೇಬಲ್ ಅಂಟಿಸಿ ಎಂದರೆ, ನಮ್ಮ ಎಂಜಿನಿಯರುಗಳು "ನೆನಪಿರುತ್ತೆ ಬಿಡಿ ಸಾರ್" ಅನ್ನುತ್ತಾರೆ.